ನೀರು ಮುಟ್ಟದ ಗುಡ್ಡ

ಎಡಿಸನ್, ನ್ಯೂಜೆರ್ಸಿ
೨೮ ಏಪ್ರಿಲ್ ೧೯೭೩

ಪ್ರೀತಿಯ ಶೈಲಕ್ಕನಿಗೆ, ತಮ್ಮ ಗುರುಪಾದ ಮಾಡುವ ಶರಣು ಶರಣಾರ್ಥಿ.

ನಾನು ಕಾಲೇಜು ಬಿಟ್ಟು ಒಂದೂವರೆ ವರ್ಷವಾಯಿತು. ಆಗಿನಿಂದ ಇಲ್ಲಿಯ ಒಂದು ಸ್ಮಶಾನದಲ್ಲಿ ಹೆಣ ಹೂಳುವ ಕುಣಿ ತೋಡುತ್ತಿದ್ದೇನೆ. ಈ ಮಾತನ್ನು ಕಾಗದದ ನಡುವೆ ಎಲ್ಲಾದರೂ ಸೇರಿಸೋಣವೆಂದುಕೊಂಡಿದ್ದೆ. ನಡುವೆ ಇಟ್ಟರೆ ಮತ್ತೆ ಮುಚ್ಚಿಟ್ಟ ಹಾಗೇ ಆಗುತ್ತದೆ ಅನ್ನಿಸಿ ಮೊದಲೇ ಬರೆದೆ.

ನಿನ್ನ ಸಂಕ್ರಾಂತಿಯ ಕಾಗದಕ್ಕೆ ಯುಗಾದಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸು. ರಾಜಿಯ ಮುಂದಿನ ಹಲ್ಲು ಬಿದ್ದದ್ದು, ಅದನ್ನು ಮಾಳಿಗೆಯ ಮೇಲೆ ಎಸೆಯಲು ಕೊಡದೆ ಅವಳು ಲಂಗದ ಕಿಸೆಯಲ್ಲಿಟ್ಟುಕೊಂಡು ತಿರುಗಿದ್ದು ಓದಿ ನಕ್ಕೆ. ಮಾಮಾನ ಮೊಣಕಾಲು ಈಗ ಹೇಗಿದೆ? ನನ್ನ ಸುದ್ದಿ ತಿಳಿದ ಮೇಲೆ ಅವನು ಬೈದರೆ ಬೈಯಲಿ. ಅವ್ವನ ತಮ್ಮನಾಗಿ ಒಂದು ಸಲ, ನಿನ್ನ ಗಂಡನಾಗಿ ಇನ್ನೊಂದು ಸಲ ಬೈಯುವ ಹಕ್ಕು ಅವನಿಗಿದೆ.

ಹಿಂದಿನ ಕಾಗದಗಳಲ್ಲಿ ನಾನು ಸುಳ್ಳು ಬರೆದಿಲ್ಲ, ಬೇಕಾದರೆ ತೆಗೆದು ನೋಡು. ಆರಾಮ ಇದ್ದೇನೆ, ಚಳಿ ಬಹಳ, ಅಣ್ಣ-ವೈನಿ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದಷ್ಟೇ ಇರುತ್ತದೆ. ಕಾಲೇಜಿನ ಸುದ್ದಿ ಇರುವುದಿಲ್ಲ. ಯಾರಾದರೂ ನೇರವಾಗಿ ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಹಾಗೆ ಕೇಳಿದವರು ಒಬ್ಬರೇ. ಈ ಯುಗಾದಿಗೆ ನಮ್ಮ ಕನ್ನಡದವರೆಲ್ಲ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಸೇರಿದ್ದೆವು. ಮೈಸೂರಿನ ಕೌಸಲ್ಯಾ ಆಂಟಿ ನನ್ನ ತಟ್ಟೆಗೆ ಪುಳಿಯೋಗರೆ ಬಡಿಸುತ್ತ, "ಏನಪ್ಪಾ, ಈಗ ಯಾವ ಇಯರ್ರು? ಜಾಬ್ ಮಾರ್ಕೆಟ್ ತುಂಬಾ ಬ್ಯಾಡ್ ಅಂತಾರಲ್ಲ" ಅಂದರು. "ಕಾಲೇಜು ಬಿಟ್ಟೆ ಆಂಟಿ, ಸ್ಮಶಾನದಲ್ಲಿ ಕೆಲಸ" ಅಂದೆ. ಅವರು ಸೌಟು ಹಿಡಿದುಕೊಂಡೇ ನಕ್ಕರು. "ನೋಡ್ರೀ, ಡಾಕ್ಟ್ರ ತಮ್ಮ ಎಷ್ಟು ತಮಾಷೆ ಮಾಡ್ತಾನೆ! ಧಾರವಾಡದವರಿಗೆ ಹ್ಯೂಮರ್ ಜಾಸ್ತಿ ಕಣ್ರೀ" ಎಂದು ಪಕ್ಕದವರಿಗೆ ಹೇಳಿದರು. ಅಣ್ಣ ಅಲ್ಲೇ ಇದ್ದ, ಅವನೂ ನಕ್ಕ. ವೈನಿ ನಗಲಿಲ್ಲ. ನನ್ನ ಪ್ಯಾಂಟಿಗೆ ಹತ್ತಿದ ಕೆಂಪು ಜೇಡಿಮಣ್ಣನ್ನು ವಾರವಾರ ತೊಳೆಯುವವರು ಅವರೇ ಅಲ್ಲವೇ. ಅವರಿಗೆ ಯಾವಾಗಲೋ ಗೊತ್ತಾಗಿದೆ, ಕೇಳಿರಲಿಲ್ಲ ಅಷ್ಟೇ.

ಬಿಟ್ಟದ್ದು ಹೇಗೆ ಎಂದು ಕೇಳುತ್ತೀಯ. ತರಗತಿಯಲ್ಲಿ ಕೂತರೆ ನನಗೆ ಕಾಲಿಗೆ ಇರುವೆ ಹತ್ತಿದಂತಾಗುತ್ತಿತ್ತು. ಧಾರವಾಡದಲ್ಲೂ ಹಾಗೇ ಇತ್ತು, ನೀನು ನೋಡಿದ್ದೀ. ನ್ಯೂವಾರ್ಕಿನ ಕಾಲೇಜಿಗೆ ಹೋಗುವ ಬಸ್ಸು ಆ ಸ್ಮಶಾನದ ಗೋಡೆಗುಂಟ ಹೋಗುತ್ತದೆ. ಒಂದು ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಒಬ್ಬ ಎತ್ತರದ ಮನುಷ್ಯ ಎದೆಮಟ್ಟದ ಕುಣಿಯಲ್ಲಿ ನಿಂತು ಮಣ್ಣು ಎಸೆಯುತ್ತಿದ್ದ. ನಾನು ಬಸ್ಸು ಇಳಿದು ಹೋಗಿ ನಿಂತು ನೋಡಿದೆ. ಮೇಸ್ತ್ರಿ ಸಾಲ್ ಎಂಬವನು ಇಟಲಿ ಕಡೆಯವನು. ಅವನು ಬಂದು, ನೋಡುವುದು ಫುಕಟ್, ತೋಡಿದರೆ ಪಗಾರ ಎನ್ನುವ ಅರ್ಥದ ಮಾತು ಆಡಿದ. ನನಗಿಂತ ಸ್ವಲ್ಪ ದೊಡ್ಡ ಹುಡುಗರೆಲ್ಲ ವಿಯೆಟ್ನಾಮಿಗೆ ಹೋಗಿ, ಹೋದವರಲ್ಲಿ ಕೆಲವರು ಹೆಣವಾಗಿ ನಮ್ಮಲ್ಲಿಗೇ ಬರುತ್ತಿದ್ದುದರಿಂದ ಅವನಿಗೆ ಆಳು ಸಿಗುತ್ತಿರಲಿಲ್ಲ. ನಾನು ಪುಸ್ತಕದ ಚೀಲವನ್ನು ಗೋಡೆಯ ಮೇಲಿಟ್ಟು ಸಲಿಕೆ ಹಿಡಿದೆ.

ಕುಣಿಯಲ್ಲಿದ್ದ ಆ ಎತ್ತರದ ಮನುಷ್ಯನ ಸಲುವಾಗಿಯೇ ಈ ಕಾಗದ. ಅವನ ಹೆಸರು ಆಂಬ್ರೋಸ್ ಗ್ರೇ ಕ್ರೇನ್. ಗ್ರೇ ಕ್ರೇನ್ ಅಂದರೆ ಬೂದು ಕೊಕ್ಕರೆ, ಅದು ಅವನ ಅಜ್ಜನ ಹೆಸರು. ಬಿಳಿಯರು ಬರುವ ಮೊದಲು ಈ ದೇಶದಲ್ಲಿದ್ದ ಜನರಲ್ಲಿ ಸೂ ಎಂದು ಹೊರಗಿನವರು ಕರೆಯುವ ಪಂಗಡ ಅವನದು. ತಮ್ಮನ್ನು ತಾವು ಲಕೋಟ ಅನ್ನುತ್ತಾರೆ. ಊರು ಇಲ್ಲಿಂದ ಮೂರು ದಿನದ ದಾರಿ, ಡಕೋಟ ಸೀಮೆಯಲ್ಲಿ ಮಿಸೌರಿ ಎಂಬ ದೊಡ್ಡ ಹೊಳೆಯ ದಂಡೆ. ಅವನ ಅಜ್ಜ ಸರ್ಕಾರದ ಕುದುರೆಪಡೆಯ ಮೇಲೆ ಬಿಲ್ಲು ಹಿಡಿದು ಹೋಗಿದ್ದವನು. ಸಾಲ್ ಇವನನ್ನು "ಚೀಫ್" ಎಂದು, ಪಂಗಡದ ಯಜಮಾನನೆಂಬ ಅಣಕದಲ್ಲಿ, ಕೂಗುತ್ತಾನೆ, ಇವನು ತಿರುಗಿ ನೋಡುವುದಿಲ್ಲ. ಸಾಲ್ ನನ್ನ ಹೆಸರನ್ನು "ಗುರು" ಎಂದು ಕತ್ತರಿಸಿ, "ಏನಪಾ ಗುರು, ಆಶ್ರಮ ಯಾವಾಗ ತಗೀತಿ?" ಎಂದು ಕಾಡುತ್ತಾನೆ. ನಾನು ತಿರುಗಿ ನೋಡುತ್ತೇನೆ, ಅದೇ ನನ್ನ ತಪ್ಪು ಎಂಬುದು ಆಂಬ್ರೋಸನ ಅಭಿಪ್ರಾಯ.

ಅವನ ಇಂಗ್ಲಿಷನ್ನು ನಾನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ ಅಕ್ಕ, ಯಾಕೆಂದರೆ ಅವನು ಮಾತಾಡುವುದು ಹಾಗೇ, ಅರ್ಧ ನುಂಗಿ, ಮುಖ ಆ ಕಡೆ ಮಾಡಿ. ಮೊದಲ ವಾರ ಅವನು ನನ್ನ ಜೊತೆ ಒಂದೇ ಮಾತಾಡಿದ. "ಸಾಲಿ ಯಾಕ ಬಿಟ್ಟಿ?" ನನಗೆ ಗೊತ್ತಿಲ್ಲ ಅಂದೆ. "ನನಗ ಗೊತ್ತಿತ್ತು. ನಮ್ಮ ಮಾತ ಆಡಿದ್ದಕ್ಕ ಬಾಯಾಗ ಸಾಬಾಣ ತುರುಕಿದ್ರು. ಓಡಿ ಬಂದೆ" ಅಂದ.

ಅವನ ಕತೆಯನ್ನು ಅವನು ಒಂದೇ ಸಲ ಹೇಳಿದ್ದಲ್ಲ. ಒಂದು ಕುಣಿ ತೋಡುವಾಗ ಒಂದು ಮಾತು, ಅದರ ಮುಂದಿನದು ಮತ್ತೆಂದೋ. ನಾನು ಅದನ್ನು ಕೂಡಿಸಿ ಬರೆಯುತ್ತೇನೆ.

ಹೊಳೆಯ ಬದಿಯ ತಗ್ಗಿನ ನೆಲ ಅವರದು. ದೊಡ್ಡ ದೊಡ್ಡ ಮರಗಳಿದ್ದವಂತೆ, ಚಳಿಗಾಲದಲ್ಲಿ ದನಕ್ಕೂ ಜನಕ್ಕೂ ಅದೇ ಮರೆ. ಕಾಡಿನ ಹಣ್ಣು, ಮೇವು, ಒಲೆಗೆ ಕಟ್ಟಿಗೆ ಯಾವುದನ್ನೂ ಹೊರಗಿನಿಂದ ತರುತ್ತಿರಲಿಲ್ಲ. ಆಂಬ್ರೋಸ್ ಇದೇ ಸರ್ಕಾರದ ಪರವಾಗಿ ಕೊರಿಯಾದಲ್ಲಿ ಯುದ್ಧ ಮಾಡಿ, ಅಲ್ಲಿಯ ಹಿಮಕ್ಕೆ ಕಾಲಿನ ಬೆರಳು ಕೊಟ್ಟು, ಪದಕ ತಗೊಂಡು ಊರಿಗೆ ಬಂದ. ಬಂದು ನೋಡಿದರೆ ಹುಲ್ಲಿನ ಹೊಲದಲ್ಲಿ ಕೆಂಪು ಅರಿವೆ ಕಟ್ಟಿದ ಗೂಟಗಳು. ಕೆಳಗೆ ಎಲ್ಲೋ ಅಣೆಕಟ್ಟು ಕಟ್ಟುತ್ತಾರೆ, ನೀರು ಇಲ್ಲಿಯವರೆಗೆ ಬರುತ್ತದೆ, ಜಾಗ ಬಿಟ್ಟು ಏಳಬೇಕು ಎಂದು ಸರ್ಕಾರದವರು ಹೇಳಿದರು. ಆಂಬ್ರೋಸ್ ಗೂಟಗಳನ್ನು ಕಿತ್ತು ಒಲೆಗೆ ಹಾಕಿದ. ಅವರು ಮತ್ತೆ ನೆಟ್ಟರು, ಇವನು ಮತ್ತೆ ಕಿತ್ತ. "ಒಣಗಿದ ಕಟ್ಟಿಗಿ, ಚಂದ ಉರೀತಿತ್ತು" ಅನ್ನುತ್ತಾನೆ. ಅವನು ನಗುವುದು ಈ ಮಾತಿಗೆ ಮಾತ್ರ.

ವರ್ಷಗಟ್ಟಲೆ ಸಭೆ ನಡೆದವು. ಕಡೆಗೆ ಪಂಗಡದ ಹಿರಿಯರು ಒಪ್ಪಿದರು, ಒಪ್ಪದಿದ್ದರೆ ಕೊಡುತ್ತೇವೆಂದ ಅಷ್ಟು ಪರಿಹಾರವೂ ಸಿಗುವುದಿಲ್ಲ ಎಂಬ ಸ್ಥಿತಿ. ಜನ ಒಬ್ಬೊಬ್ಬರೇ ಎದ್ದರು. ಶಿಲುಬೆ ಇದ್ದ ಸಮಾಧಿಗಳನ್ನು ಅಗೆದು ಮೇಲೆ ಒಯ್ದರು. ಶಿಲುಬೆ ಇಲ್ಲದವು ಹಾಗೇ ಉಳಿದವು, ಅದರಲ್ಲಿ ಅವನ ಅಜ್ಜಿಯದೂ ಒಂದು. ಆಂಬ್ರೋಸ್ ಏಳಲಿಲ್ಲ. ಹೆಂಡತಿ, ನಾಲ್ಕು ವರ್ಷದ ಮಗಳು ಡೆಲ್ಫೀನ್, ಅವನು, ಮೂವರೇ ಆ ತಗ್ಗಿನಲ್ಲಿ. ಜನವರಿ ತಿಂಗಳು, ಹೊಳೆಯ ನೀರು ಹೆಪ್ಪುಗಟ್ಟುತ್ತಲೇ ಮೇಲೇರುತ್ತಿತ್ತು. ಒಂದು ಮಧ್ಯಾಹ್ನ ಟ್ರಕ್ಕು ತಂದರು. ಇವನು ಬಂದೂಕು ಹಿಡಿದು ಬಾಗಿಲಲ್ಲಿ ನಿಂತ.

"ಗುಂಡು ಇತ್ತೇನ?" ಎಂದು ಕೇಳಿದೆ.

"ಇತ್ತು. ಅವರು ನನ್ನ ಮುಟ್ಟಲಿಲ್ಲ. ಹಿಂದಿನ ಬಾಗಲಾ ಮುರದು ಕೂಸಿನ್ನ ಎತ್ತಿ ಟ್ರಕ್ಕಿನ್ಯಾಗ ಇಟ್ರು. ನಾ ಏನ ಮಾಡ್ಲಿ? ಬಂದೂಕ ಕೆಳಗ ಇಟ್ಟು ಟ್ರಕ್ ಹತ್ತಿದೆ."

ಮೇಲಿನ ಬಯಲಿನಲ್ಲಿ ತಗಡಿನ ಒಂದು ಡಬ್ಬಿಯಂಥ ಮನೆ ಕೊಟ್ಟರು. ಗಾಳಿಗೆ ಮರದ ಮರೆಯಿಲ್ಲ, ಒಲೆಗೆ ಕಟ್ಟಿಗೆಯಿಲ್ಲ. ಕೂಸಿಗೆ ಎದೆ ಕಟ್ಟಿತು. ಫೆಬ್ರವರಿಯಲ್ಲಿ ಹೋಯಿತು. ಶರತ್ಕಾಲದಲ್ಲೇ ಎದ್ದು ಹೋದವರ ಮಕ್ಕಳಿಗೆ ಗಟ್ಟಿ ಮನೆ ಸಿಕ್ಕಿತ್ತು, ಅವು ಉಳಿದವು.

"ನಾನೂ ಎಲ್ಲಾರ ಜೋಡಿ ಎದ್ದಿದ್ರ ಕೂಸ ಉಳೀತಿತ್ತು ಅಂದ್ರು ಮಂದಿ. ನನ್ನ ಹೇಣ್ತಿನೂ ಅಂದಳು. ಖರೇನ ಐತಿ."

ನಾನು ಹಾಗೇನಿಲ್ಲ ಎಂದು ಸಮಾಧಾನ ಹೇಳಲಿಲ್ಲ ಅಕ್ಕ. ನನಗೂ ಅದು ಖರೆ ಅನ್ನಿಸಿತ್ತು. ಆಮೇಲೆ ಅವನು ಅಂದ, ನೀನು ಇಲ್ಲ ಅಂದಿದ್ದರೆ ಮುಂದಿನ ಕತೆ ಹೇಳುತ್ತಿರಲಿಲ್ಲ.

ಮುಂದಿನ ಕತೆ ಇದು. ಹೊಸ ಊರಿನ ಚರ್ಚಿನ ಬದಿಯಲ್ಲಿ ಮಗಳನ್ನು ಹೂಳಲು ಅವನು ಒಪ್ಪಲಿಲ್ಲ. ಹಳೆಯ ಮನೆಯ ಹಿಂದೆ ಒಂದು ಗುಡ್ಡವಿದೆ. ನೀರು ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಸರ್ಕಾರ ನೀರು ನಿಲ್ಲುವ ಜಾಗದ ಜೊತೆಗೆ ಅದರ ಸುತ್ತಲಿನ ಜಾಗವನ್ನೂ ತಗೊಂಡಿತ್ತು. ಮುಳುಗದ ನೆಲವೂ ಅವರದಲ್ಲವಾಯಿತು. ಆ ಗುಡ್ಡದ ಮೇಲೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕಿ, ಹೆಪ್ಪುಗಟ್ಟಿದ ನೆಲ ಮೆತ್ತಗಾಗುವವರೆಗೆ ಕಾದು, ತಾನೊಬ್ಬನೇ ಕುಣಿ ತೋಡಿ ಡೆಲ್ಫೀನಳನ್ನು ಇಟ್ಟ. ಸುತ್ತ ಬೇಲಿ ಹಾಕಿದ. ಅದು ಅತಿಕ್ರಮಣವೆಂದು ಕಿತ್ತರು. ಅವನು ಪ್ರತಿ ವಸಂತದಲ್ಲಿ ಬೇಲಿ ಹಾಕುತ್ತಿದ್ದ, ಅವರು ಕೀಳುತ್ತಿದ್ದರು, ಅವನನ್ನು ಜೈಲಿಗೆ ಹಾಕುತ್ತಿದ್ದರು, ಅವನು ಬಿಡುಗಡೆಯಾಗಿ ಬಂದು ಮತ್ತೆ ಹಾಕುತ್ತಿದ್ದ. ಹೆಂಡತಿ ಅವನನ್ನು ಬಿಟ್ಟು ಮಿನಿಯಾಪೊಲಿಸ್ ಪಟ್ಟಣಕ್ಕೆ ಹೋದಳು. ಕುಡಿತ ಹತ್ತಿತು. ಒಂದು ವರ್ಷ ಬೇಲಿ ಹಾಕಲು ಹೋಗಲಿಲ್ಲ, ಕುಡಿದು ಬಿದ್ದಿದ್ದ. ಆ ನಾಚಿಕೆಗೆ ಊರು ಬಿಟ್ಟು ಪೂರ್ವಕ್ಕೆ ಬಂದ. ಇಲ್ಲಿ ಬಂದು ಕುಡಿಯುವುದು ಬಿಟ್ಟಿದ್ದಾನೆ. ಸೈನಿಕ ಹುಡುಗರ ಹೆಣ ಬಂದಾಗ ಟೋಪಿ ತೆಗೆದು ನಿಲ್ಲುತ್ತಾನೆ, ಬೇರೆಯವರಿಗೆ ನಿಲ್ಲುವುದಿಲ್ಲ.

ಒಂದು ದಿನ ಅವನೇ ಕೇಳಿದ, ನಿಮ್ಮ ಮಂದಿ ಹೆಣ ಏನು ಮಾಡುತ್ತೀರಿ, ಸುಡುತ್ತೀರಂತಲ್ಲ? ಬೇರೆಯವರು ಸುಡುತ್ತಾರೆ, ನಾವು ಲಿಂಗಾಯತರು ಕೂರಿಸಿ ಇಡುತ್ತೇವೆ ಎಂದೆ. ಅವನು ಸಲಿಕೆ ನಿಲ್ಲಿಸಿದ. ನಾನು ಅಲ್ಲೇ ಮಣ್ಣಿನ ಗೋಡೆಯಲ್ಲಿ ಗೆರೆ ಕೊರೆದು ತೋರಿಸಿದೆ. ನೇರ ಕುಣಿ ತೋಡಿ, ಅದರ ಒಂದು ಬದಿಗೆ ಗೂಡು ಕೊರೆದು, ಆ ಗೂಡಿನಲ್ಲಿ ಪದ್ಮಾಸನ ಹಾಕಿಸಿ ಕೂರಿಸುವುದು, ಅಂಗೈಯಲ್ಲಿ ಲಿಂಗ, ಸುತ್ತ ವಿಭೂತಿ, ಬಿಲ್ವಪತ್ರೆ. ಮಣ್ಣು ಎಳೆದರೆ ತಲೆಯ ಮೇಲೆ ಬೀಳುವುದಿಲ್ಲ. ಸ್ವಂತ ಹೊಲವಿದ್ದರೆ ಹೊಲದಲ್ಲೇ. ನಮ್ಮ ಅವ್ವನನ್ನು ಮಲಪ್ರಭೆಯ ದಂಡೆಯ ಹೊಲದಲ್ಲಿ ಹಾಗೆ ಕೂರಿಸಿದ್ದೇವೆ ಎಂದೆ. ಅಪ್ಪ ಸೊಲ್ಲಾಪುರದ ಗಿರಣಿಯಲ್ಲಿದ್ದಾಗ ಸತ್ತು ಅಲ್ಲಿಯೇ ಮಣ್ಣಾದದ್ದರಿಂದ ಊರಲ್ಲಿ ನಮಗೆ ಇರುವವಳು ಅವಳೊಬ್ಬಳೇ ಎಂದೂ ಹೇಳಿದೆ.

"ಮಾರಿ ಮ್ಯಾಲ ಮಣ್ಣ ಬೀಳಂಗಿಲ್ಲ?" ಎಂದು ಎರಡು ಸಲ ಕೇಳಿದ.

"ಬೀಳಂಗಿಲ್ಲ."

"ನಮ್ಮ ಮುತ್ತ್ಯಾನ ಕಾಲಕ್ಕ ಕಟ್ಟಿಗಿ ಅಟ್ಟದ ಮ್ಯಾಲ ಗಾಳಿಗೆ ಇಡ್ತಿದ್ರು. ಆಮ್ಯಾಲ ಪಾದ್ರಿಗಳು ಬಂದು ಮಲಗಸ್ರಿ ಅಂದ್ರು. ಕೂರಸೂದು ಛಲೋ ಐತಿ. ಮಲಗಿದಾಂವ ಸತ್ತಾಂವ. ಕೂತಾಂವ ಇನ್ನೂ ಏನೋ ಕೇಳಾಕತ್ತಾನ ಅಂತ ಆಗತೈತಿ." ಆಮೇಲೆ ಕೇಳಿದ, "ನಿಮ್ಮ ಹೊಳಿಗೆ ಡ್ಯಾಮ್ ಐತೇನ?"

ಕಟ್ಟುತ್ತಿದ್ದಾರೆ, ಆದರೆ ನಮ್ಮ ಹೊಲ ದಿಬ್ಬದ ಮೇಲಿದೆ, ನೀರು ಬರುವುದಿಲ್ಲ ಎಂದು ಮಾಮಾ ವಿಚಾರಿಸಿದ್ದಾನೆ ಎಂದೆ. ಅವನು ಮತ್ತೆ ತೋಡತೊಡಗಿದ.

ಈ ಫೆಬ್ರವರಿಯಿಂದ ಅವನ ಊರಿನ ದಕ್ಷಿಣಕ್ಕೆ ಊಂಡೆಡ್ ನೀ ಎಂಬಲ್ಲಿ ಅವನ ಜನರೇ ಬಂದೂಕು ಹಿಡಿದು ಹಳ್ಳಿಯೊಂದನ್ನು ಹಿಡಿದು ಕೂತಿದ್ದಾರೆ. ಸುತ್ತ ಸರ್ಕಾರದ ಪಹರೆ, ಗುಂಡು ಹಾರುತ್ತಿವೆ. ನಿಮ್ಮ ಕಡೆಯ ಪತ್ರಿಕೆಗಳಲ್ಲೂ ಬಂದಿರಬಹುದು. ಅಲ್ಲಿಗೆ ಹೋಗುತ್ತೀಯಾ ಎಂದ ಸಾಲ್, ಅಂದು ಚೀಫ್ ಅನ್ನಲಿಲ್ಲ. "ಅವರು ಹುಡುಗರು, ಅವರಿಗೆ ಛಲೋ ಆಗಲಿ. ನನ್ನ ಜಾಗಾ ಬ್ಯಾರೆ" ಎಂದ ಆಂಬ್ರೋಸ್. ಆ ಹೊತ್ತಿಗೆ ಅವನ ಕೆಮ್ಮು ಬಹಳವಾಗಿತ್ತು.

ಮಾರ್ಚ್ ಕೊನೆಗೆ ಅವನ ತಂಗಿ ಸ್ಮಶಾನದ ಆಫೀಸಿಗೆ ಫೋನು ಮಾಡಿದಳು. ಈ ಬೇಸಿಗೆಯಲ್ಲಿ ಆ ಗುಡ್ಡವನ್ನು ಕಡಿದು, ರಜೆಯಲ್ಲಿ ಬರುವವರು ದೋಣಿ ಇಳಿಸಲು ಅಣೆಕಟ್ಟಿನ ಕೆರೆಗೆ ರಸ್ತೆ ಮಾಡುತ್ತಾರಂತೆ. ಅಲ್ಲಿ ಒಂದು ಕೂಸಿನ ಸಮಾಧಿಯಿದೆ ಎಂದು ಅವಳು ಹೋಗಿ ಹೇಳಿದಳಂತೆ. ನಕಾಶೆಯಲ್ಲಿ ಸಮಾಧಿ ಇಲ್ಲವಲ್ಲ ಎಂದರಂತೆ. ಯಂತ್ರ ಮೇ ತಿಂಗಳಲ್ಲಿ ಬರುತ್ತದೆ.

ಯುಗಾದಿಯಾದ ಮುಂದಿನ ವಾರ, ಕುಣಿಯಿಂದ ಮೇಲೆ ಹತ್ತುವಾಗ ಆಂಬ್ರೋಸ್ ರಕ್ತ ಕಾರಿದ. ಸಾಲ್‌ನ ಪಿಕಪ್ಪಿನಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ ಒಯ್ದೆ. ಹತ್ತಿರದ್ದು ಅಂದರೆ ಅಣ್ಣ ಕೆಲಸ ಮಾಡುವ ಆಸ್ಪತ್ರೆಯೇ. ಬೇರೆ ಕಡೆ ಒಯ್ಯಬಹುದಿತ್ತು, ಹತ್ತು ನಿಮಿಷ ಹೆಚ್ಚು ಆಗುತ್ತಿತ್ತು. ಅಣ್ಣ ಬಿಳಿ ಕೋಟಿನಲ್ಲಿ ಬಾಗಿಲಿಗೇ ಎದುರಾದ. ನನ್ನ ಬೂಟು, ಮಣ್ಣು, ಅಂಗಿಯ ಮೇಲಿನ ರಕ್ತ ಎಲ್ಲ ನೋಡಿದ.

"ಗುರ್ಯಾ! ಇಲ್ಲೇನ ಮಾಡಾಕತ್ತೀ? ಕ್ಲಾಸ್ ಇಲ್ಲೇನ ಇವತ್ತ?"

"ಕಾಲೇಜ ಬಿಟ್ಟೇನಿ ಅಣ್ಣಾ, ಹೋದ ವರ್ಷದ ಹಿಂದಿನ ವರ್ಷ. ಇಂವ ನನ್ನ ಜೋಡಿ ಕುಣಿ ತೋಡಾಂವ. ಮೊದಲ ಇವನ್ನ ನೋಡು."

ಅಣ್ಣನ ಬಗ್ಗೆ ನಾನು ಮುಂದೆ ಏನೇನು ಬರೆದರೂ ಇದನ್ನು ನೆನಪಿಡು, ಅವನು ಮೊದಲು ಆಂಬ್ರೋಸನನ್ನೇ ನೋಡಿದ. ಎರಡು ದಿನ ತಾನೇ ಓಡಾಡಿ ಎಲ್ಲ ಪರೀಕ್ಷೆ ಮಾಡಿಸಿದ. ಆಮೇಲೆ ನನ್ನನ್ನು ಹೊರಗೆ ಕರೆದು, "ಲಂಗ್ಸ್ ಪೂರಾ ಹೋಗ್ಯಾವ. ಕ್ಯಾನ್ಸರ್, ಸ್ಪ್ರೆಡ್ ಆಗೇತಿ. ಏನೂ ಮಾಡಾಕ ಬರಂಗಿಲ್ಲ" ಅಂದ. ಅದಾದ ಮೇಲೆಯೇ ಅಳತೊಡಗಿದ. "ನಿನ್ನ ಓದಿಸಾಕ ಕರಕೊಂಡ ಬಂದ್ನಲ್ಲೋ ನಾ! ಡಾಕ್ಟರ್ ನಾಗಲಿಂಗಪ್ಪನ ತಮ್ಮ ಹೆಣ ಹೂಳ್ತಾನ ಅಂದ್ರ ಮಂದಿ ಏನಂತಾರ?" ನನಗೆ ಅವನನ್ನು ಸಮಾಧಾನ ಮಾಡಲು ಬರಲಿಲ್ಲ. ತಪ್ಪಾಯಿತು ಎನ್ನಬಹುದಿತ್ತು, ಆದರೆ ಕಾಲೇಜು ಬಿಟ್ಟದ್ದು ತಪ್ಪು ಎಂದು ನನಗೆ ಅನ್ನಿಸಿಲ್ಲ. ಅವನಿಗೆ ಹೇಳದೆ ಇದ್ದದ್ದು ತಪ್ಪು. ಅಷ್ಟಕ್ಕೆ ಮಾತ್ರ ತಪ್ಪಾಯಿತು ಅಂದೆ.

ಆಂಬ್ರೋಸ್ ಆಸ್ಪತ್ರೆಯಲ್ಲಿ ನಿಲ್ಲಲಿಲ್ಲ, ಸಹಿ ಹಾಕಿ ಎಲಿಜಬೆತ್ ಎಂಬ ಊರಿನ ತನ್ನ ಬಾಡಿಗೆ ಕೋಣೆಗೆ ಬಂದ. ಅಲ್ಲಿ ಗೋಡೆಗೆ ಒರಗಿ ಕೂತು ತನ್ನ ವಿಚಾರ ಹೇಳಿದ. ಆ ಗುಡ್ಡಕ್ಕೆ ಹೋಗಿ ಡೆಲ್ಫೀನಳ ಪಕ್ಕದಲ್ಲಿ ಕೂತುಬಿಡುತ್ತಾನೆ. ಯಂತ್ರ ಬಂದಾಗ ಉಸಿರಿದ್ದರೆ ಉಸಿರಿದ್ದವನನ್ನು ಅವರು ಎಬ್ಬಿಸಬೇಕು. ಅಷ್ಟರಲ್ಲಿ ಸತ್ತಿದ್ದರೆ ಅವನನ್ನು ಅಲ್ಲೇ, ನಮ್ಮ ನಮೂನೆಯಲ್ಲಿ, ಗೂಡು ಕೊರೆದು ಕೂರಿಸಬೇಕು. ಒಂದು ಸಮಾಧಿಯನ್ನು ನಕಾಶೆಯಲ್ಲಿ ಇಲ್ಲ ಎಂದವರು ಎರಡನೆಯದಕ್ಕೆ ಏನನ್ನುತ್ತಾರೆ ನೋಡೋಣ ಅಂದ. ಪೇಪರಿನವರಿಗೆ, ಕೋರ್ಟಿನವರಿಗೆ ಹೇಳಲು ಅವನ ತಂಗಿಗೆ ಹೊಸ ಹೆಣವೊಂದು ಬೇಕು, ಹದಿಮೂರು ವರ್ಷದ ಹಳೆಯ ಕೂಸಿನ ಎಲುಬು ಸಾಲುವುದಿಲ್ಲ. ಇದು ಅವನು ಆಡಿದ ಮಾತು, ನಾನು ಮೆತ್ತಗೆ ಮಾಡಿ ಬರೆಯುತ್ತಿಲ್ಲ.

"ಆ ಗೂಡು ಕೊರ್ಯಾಕ ನಮ್ಮ ಮಂದ್ಯಾಗ ಯಾರಿಗೂ ಬರಂಗಿಲ್ಲ. ನೀ ಬರಬೇಕು. ಅಲ್ಲಿದು ಜಿಗಟ ಮಣ್ಣ ಐತಿ ಮತ್ತ. ಹಸಿ ಆದ್ರ ಬೂಟ ಬಿಡಂಗಿಲ್ಲ, ಒಣಗಿದ್ರ ಕಬ್ಬಣ."

"ನಮ್ಮೂರಾಗೂ ಅಂಥಾದ್ದ, ಎರಿ ಮಣ್ಣ" ಅಂದೆ. "ಬರ್ತೀನಿ."

ನಿನ್ನೆ ಸಂಜೆ ಅಡುಗೆಮನೆಯಲ್ಲಿ ಅಣ್ಣನಿಗೆ ಹೇಳಿದೆ. ಅವನು ಡ್ಯೂಟಿ ಮುಗಿಸಿ ಬಂದು ಟೈ ಬಿಚ್ಚುತ್ತಿದ್ದ.

"ಸ್ವಲ್ಪರೆ ತಲಿ ಓಡಸೋ. ನೀ ಕಾಲೇಜ ಬಿಟ್ಟ ದಿನಾನ ನಿನ್ನ ಸ್ಟೂಡೆಂಟ್ ವೀಸಾ ಹೋತು. ಅಲ್ಲಿ ರೋಡ್ ಮ್ಯಾಲ ಗಾಡಿ ನಿಲ್ಲಿಸಿ ಚೆಕ್ ಮಾಡಾಕತ್ತಾರ, ಟೀವ್ಯಾಗ ನೋಡಿಲ್ಲೇನ? ಹಿಡದ್ರ ಸೀದಾ ಡಿಪೋರ್ಟ್. ಸ್ಪಾನ್ಸರ್ ಯಾರು ಅಂತ ನನ್ನ ಹೆಸರೂ ಬರ್ತೈತಿ."

"ಬರಲಿ."

"ಬರಲಿ! ಕೇಳ ಇವನ ಮಾತ. ಡಾಕ್ಟರಾಗಿ ಹೇಳ್ತೀನಿ, ಆ ಪೇಶಂಟ್ ಅರ್ಧ ದಾರಿ, ಇಂಡಿಯಾನಾನೂ ದಾಟಂಗಿಲ್ಲ. ಗಾಡ್ಯಾಗ ಸತ್ರ ಏನ ಮಾಡ್ತಿ?"

"ಮುಂದ ಒಯ್ತೀನಿ."

"ಯಾರಂವ ನಿನಗ? ಏನಾಗಬೇಕು?"

ಏನೂ ಆಗಬೇಕಿಲ್ಲ. ಇಬ್ಬರೂ ಒಂದೇ ಕುಣಿಯಲ್ಲಿ ನಿಂತಿದ್ದೆವು ಅಷ್ಟೆ ಅಂದೆ. ಅದಕ್ಕೆ ಅಣ್ಣನಿಗೆ ಇನ್ನೂ ಸಿಟ್ಟು ಬಂತು. ಬಾಯಿಗೆ ಬಂದದ್ದೆಲ್ಲ ಅಂದ. ಕೊನೆಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮೊದಲು ಮೇಜಿನ ಮೇಲೆ ನೋವಿನ ಔಷಧಿಯ ಬಾಟಲಿ ಇಟ್ಟು ಹೋಗಿದ್ದಾನೆ, ಯಾವಾಗ ಎಷ್ಟು ಕೊಡಬೇಕು ಎಂದು ಬರೆದ ಚೀಟಿಯೊಂದಿಗೆ. ಚೀಟಿಯಲ್ಲಿ ಬೇರೇನೂ ಇಲ್ಲ.

ವೈನಿ ಮೆಕ್ಕೆಜೋಳದ ಹಿಟ್ಟಿನಲ್ಲೇ ರೊಟ್ಟಿ ತಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಾರೆ. "ಅವರಿಗೂ ಖಾರ ನಡೀತೈತೇನ?" ಎಂದು ಕೇಳಿದರು. ಈಗ ಅವನಿಗೆ ಏನೂ ಇಳಿಯುವುದಿಲ್ಲ ವೈನಿ ಅಂದೆ. "ಇರಲಿ, ಜೋಡಿ ಕೂತು ನೀ ತಿನ್ನು. ಎದುರಿಗೆ ಯಾರರೆ ತಿನ್ನೋದು ನೋಡಿದ್ರ ಒಂದ ತುತ್ತ ಹೋಗತೈತಿ" ಅಂದರು. ಸಾಲ್ ತನ್ನ ಪಿಕಪ್ ಕೊಟ್ಟಿದ್ದಾನೆ, ಎರಡು ಸಲಿಕೆ, ಒಂದು ಗುದ್ದಲಿ ಕೂಡ. ಹಿಂದೆ ಹಾಸಿಗೆ ಹಾಸಿದ್ದೇನೆ. ಮೇಲೆ ತಾಡಪತ್ರಿ ಕಟ್ಟಿದ್ದೇನೆ. "ಗಾಡಿ ಹೊಡದ ಹಾಕಿದ್ರ ನಿನ್ನ ಹೂಳಾಂವ ನಾನ, ನೆನಪಿಟ್ಕೋ ಗುರು" ಅಂದ ಸಾಲ್. ಅವನು ಕಣ್ಣು ಒರೆಸಿಕೊಂಡದ್ದನ್ನು ನೋಡದ ಹಾಗೆ ಮಾಡಿದೆ.

ಅಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ. ಎಲ್ಲ ಸರಿಹೋಗುತ್ತದೆ ಎಂದು ಬರೆದರೆ ಸುಳ್ಳಾಗುತ್ತದೆ. ಗುಡ್ಡ ಉಳಿಯುತ್ತದೆ ಎಂದು ನನಗೆ ಅನ್ನಿಸುವುದಿಲ್ಲ, ಆಂಬ್ರೋಸನಿಗೂ ಅನ್ನಿಸುವುದಿಲ್ಲ. ಹಿಂದೆ ಕೂಸನ್ನು ಎತ್ತಿದರೆಂದು ಎದ್ದು ಹೋದೆ, ಈ ಸಲ ಎತ್ತಿಕೊಂಡು ಹೋಗಲು ಅವರಿಗೆ ಏನೂ ಸಿಗಬಾರದು ಅನ್ನುತ್ತಾನೆ. ನಾನು ಮಾಡಬೇಕಾದದ್ದು ಒಂದು ಗೂಡು ಸರಿಯಾಗಿ ಕೊರೆಯುವುದು, ಮುಖದ ಮೇಲೆ ಮಣ್ಣು ಬೀಳದ ಹಾಗೆ.

ರಾಜಿಗೆ ನನ್ನ ಮುದ್ದು. ಆ ಹಲ್ಲನ್ನು ಅವಳು ಎಲ್ಲಿ ಬೇಕಾದರೂ ಇಟ್ಟುಕೊಳ್ಳಲಿ, ಕಸಿದುಕೊಳ್ಳಬೇಡಿ. ಅವಳು ನೂರು ವರ್ಷ ಬಾಳಲಿ, ಗಟ್ಟಿ ಕಾಲಿನವಳಾಗಲಿ. ಮಾಮಾನಿಗೂ ನಿನಗೂ ಬಸವಣ್ಣ ಒಳ್ಳೆಯದು ಮಾಡಲಿ. ಚಿಕ್ಕವನು ಹಿರಿಯರಿಗೆ ಹೀಗೆ ಹರಸಬಾರದು, ಗೊತ್ತಿದೆ. ಆದರೂ ಬರೆದೆ.

ನಿನ್ನ ತಮ್ಮ,
ಗುರುಪಾದ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನಿನ್ನೆ ಅಣ್ಣ ಬಾಯಿಗೆ ಬಂದದ್ದೆಲ್ಲ ಅಂದ ಎಂದು ಬರೆದೆನಲ್ಲ, ಅದರಲ್ಲಿ ಒಂದನ್ನು ಬಿಟ್ಟಿದ್ದೆ. "ಯಾರದೋ ಕೂಸಿನ ಸಮಾಧಿ ಕಾಯಾಕ ಹೊಂಟೀಯಲ್ಲ, ನಮ್ಮ ಅವ್ವನ ಸಮಾಧಿ ಹೋದ ದೀಪಾವಳಿ ಮುಂದ ನೀರಾಗ ಹೋತು, ಅದು ಗೊತ್ತೈತೇನ ನಿನಗ?" ಅಂದ. ಅಂದವನೇ ಬಾಯಿ ಮುಚ್ಚಿಕೊಂಡ. ವೈನಿ ಒಲೆ ಆರಿಸಿದರು. ಅವರಿಗೂ ಗೊತ್ತಿತ್ತು.

ಅವಳನ್ನು ಎತ್ತಿ ಬೇರೆಡೆ ಇಡುವುದೋ ಬಿಡುವುದೋ ಎಂದು ಮನೆಯಲ್ಲಿ ಮಾತಾಯಿತಂತೆ. ಲಿಂಗದಲ್ಲಿ ಬೆರೆತವಳಿಗೆ ಮಣ್ಣೂ ಒಂದೇ ನೀರೂ ಒಂದೇ, ಕೂತವಳನ್ನು ಅಗೆಯುವುದು ಬೇಡ ಎಂದು ಮಾಮಾ ತೀರ್ಮಾನ ಮಾಡಿದನಂತೆ. ಅವನ ಅಕ್ಕ ಅವಳು. ಅವನು ಹೇಳಿದ್ದು ಸರಿಯೂ ಇರಬಹುದು, ನಾನು ಜಗಳ ಆಡುವುದಿಲ್ಲ. ಆದರೆ ಅಕ್ಕ, ನಾನು ಎರಡು ಕಾಗದದಲ್ಲಿ ಹೊಲದ ಸುದ್ದಿ ಕೇಳಿದ್ದೆ. ನೀನು ಎರಡು ಸಲವೂ ರಾಜಿಯ ಶಾಲೆಯ ಸುದ್ದಿ ಬರೆದೆ. ಚಳಿಗಾಲವಿಡೀ ನಾನು ಆ ಮನುಷ್ಯನಿಗೆ ನಮ್ಮವ್ವ ಹೊಲದಲ್ಲಿ ಹೊಳೆ ನೋಡುತ್ತ ಕೂತಿದ್ದಾಳೆ ಎಂದು ಹೇಳುತ್ತಿದ್ದೆ. ಅವಳು ಆಗಲೇ ನೀರಿನ ಕೆಳಗಿದ್ದಳು. ನೀರು ಬಂದ ದಿನ ಯಾರಾದರೂ ಅಲ್ಲಿ ಹೋಗಿ ನಿಂತಿದ್ದಿರಾ? ನೀನು ಹೋಗಿದ್ದೆಯಾ?

ಇವತ್ತು ಆಂಬ್ರೋಸನಿಗೆ ನಿಜ ಹೇಳಿದೆ. ಬಹಳ ಹೊತ್ತು ಕೆಮ್ಮಿದ. ಆಮೇಲೆ, "ಎಷ್ಟ ಆಳ ಐತಿ?" ಎಂದು ಕೇಳಿದ. ಗೊತ್ತಿಲ್ಲ ಅಂದೆ. "ನಮ್ಮ ಅಜ್ಜಿ ಮ್ಯಾಲ ಎಷ್ಟ ನೀರ ಐತಿ ಅಂತ ನಾ ದ್ವಾಣಿಯಿಂದ ಹಗ್ಗಾ ಬಿಟ್ಟು ಅಳದು ಬಂದೀನಿ. ನೀನೂ ತಿಳ್ಕೋ" ಅಂದ.

ಅದನ್ನು ಬರೆ ಅಕ್ಕ. ಈ ವಿಳಾಸಕ್ಕೇ ಬರೆ, ವೈನಿ ಇಟ್ಟಿರುತ್ತಾರೆ. ನಾವು ನಾಳೆ ಬೆಳಿಗ್ಗೆ ಹೊರಡುತ್ತೇವೆ.